ತುಂಡು ಗೋಡೆಯ ಮೇಲಿದೆ

ಆರು ವರ್ಷದಿಂದ ನಮ್ಮ ಊರಿನ ಕಾಲುವೆಗೆ ಒಂದು ಹನಿ ಕೊಳಚೆಯೂ ಬಿದ್ದಿಲ್ಲ. ರಿಜಿಸ್ಟರಿನಲ್ಲಿ ಹಾಗೆಂದು ಬರೆದಿದೆ. ಸಹಿ ಇದೆ, ಮೊಹರು ಇದೆ. ಈ ಸಾಧನೆ ನನ್ನದು. ಒಂದು ಮರದ ತುಂಡಿನಿಂದ ಮಾಡಿದ್ದು.

ಹೇಗೆ ಅಂತ ಹೇಳುತ್ತೇನೆ. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಿ.

ಊರಿಗೆಲ್ಲ ಇರುವುದು ಒಂದೇ ದೊಡ್ಡ ಕೊಳವೆ. ಮಳೆ ನೀರೂ ಅದರಲ್ಲೇ, ಕಕ್ಕಸಿನ ನೀರೂ ಅದರಲ್ಲೇ. ಮಳೆಯಿಲ್ಲದ ದಿನ ಅದು ಎಲ್ಲವನ್ನೂ ಹೊತ್ತುಕೊಂಡು ಊರಾಚೆಯ ಶುದ್ಧೀಕರಣ ಘಟಕಕ್ಕೆ ಮುಟ್ಟಿಸುತ್ತದೆ. ಜೋರು ಮಳೆ ಬಂದರೆ ಕೊಳವೆಗೆ ಉಸಿರು ಕಟ್ಟುತ್ತದೆ. ಆಗ ಹೇಲು ಬಂದ ದಾರಿಯಲ್ಲೇ ತಿರುಗಿ ಮೇಲಿನ ಬಡಾವಣೆಯ ಬಚ್ಚಲುಗಳಲ್ಲಿ ಎದ್ದು ಬರಬೇಕು. ಹಾಗಾಗಬಾರದು. ಅಲ್ಲಿ ಅಮೃತಶಿಲೆಯ ನೆಲವಿದೆ. ಅದಕ್ಕೆ ಬ್ಯಾಂಕಿನ ಮುಂದಿನ ರಸ್ತೆಯ ಕೆಳಗೆ ಒಂದು ಕೋಣೆ ಕಟ್ಟಿ, ಕೋಣೆಯೊಳಗೆ ಎದೆಮಟ್ಟದ ತಡೆಗೋಡೆ ಕಟ್ಟಿದ್ದಾರೆ. ನೀರು ಗೋಡೆ ಮೀರಿ ಏರಿದರೆ ಆಚೆ ಬದಿಯ ಬಾಯಿಂದ ಕಾಲುವೆಗೆ ಧುಮುಕುತ್ತದೆ. ಕಾಲುವೆಯ ದಂಡೆಯಲ್ಲಿ ಕೆಳಬೀದಿ. ಕೆಳಬೀದಿಯಲ್ಲಿ ಮೂವತ್ತೊಂದು ಮನೆ. ಏಳನೆಯದು ನನ್ನ ಅಕ್ಕನದು. ನಾನೂ ಅಲ್ಲೇ ಇರುವುದು.

ನೀರು ಗೋಡೆ ಮೀರಿತೋ ಇಲ್ಲವೋ ತಿಳಿಯಬೇಕಲ್ಲ? ಅದಕ್ಕೇ ತುಂಡು. ಇಟ್ಟಿಗೆಯಷ್ಟು ದೊಡ್ಡದು, ದಾರ ಕಟ್ಟಿದ್ದು. ಅದನ್ನು ಗೋಡೆಯ ನೆತ್ತಿಯ ಮೇಲೆ ಇಟ್ಟಿರುತ್ತಾರೆ. ನೀರು ಮೀರಿದರೆ ತುಂಡು ಬೀಳುತ್ತದೆ, ದಾರದಲ್ಲಿ ನೇತಾಡುತ್ತದೆ. ಮಳೆ ನಿಂತ ಮೇಲೆ ಮೇಸ್ತ್ರಿ ಮ್ಯಾನ್‌ಹೋಲಿನಿಂದ ಬ್ಯಾಟರಿ ಬಿಟ್ಟು ನೋಡಬೇಕು, ಬಿದ್ದಿದ್ದರೆ ಒಂದು ಅಂತ ಬರೆಯಬೇಕು, ಆಮೇಲೆ ತುಂಡನ್ನು ಎತ್ತಿಡಿಸಬೇಕು. ನಿಯಮ ಹೀಗೆ: ನೋಡು, ಬರೆ, ಎತ್ತಿಡು. ನಮ್ಮ ಪದ್ಧತಿ ಹೀಗೆ: ಎತ್ತಿಡು, ನೋಡು, ಬರೆ. ಮೂರೂ ಕೆಲಸ ಆಗುತ್ತದೆ. ಕ್ರಮ ಮಾತ್ರ ಬೇರೆ.

ಎತ್ತಿಡುವವನು ನಾನು. ತುಕ್ಕು ಹಿಡಿದ ಹದಿನೆಂಟು ಕಬ್ಬಿಣದ ಮೆಟ್ಟಿಲು. ಹನ್ನೊಂದನೆಯದು ಇಲ್ಲ. ಅಲ್ಲಿ ಕಾಲು ಗಾಳಿಯಲ್ಲಿ ತಡಕಾಡುತ್ತದೆ, ಹೊಟ್ಟೆ ಗೋಡೆಗೆ ಅಂಟುತ್ತದೆ. ಅದಕ್ಕೇ ನನಗೆ ಉಡ ಅಂತ ಹೆಸರು. ಕೆಳಗೆ ಹೋದರೆ ಸೊಂಟದವರೆಗೆ ಬೆಚ್ಚಗಿನ ರಾಡಿ. ಬಾಯಿ ತೆರೆಯಬಾರದು. ಕಣ್ಣಿಗೆ ಹಾರಿದರೆ ಒರೆಸಲು ಕೈಯಲ್ಲೂ ಅದೇ ಇರುತ್ತದೆ. ಉಗುರಿನ ಸಂದು ಕೊಳೆತು ಬಿಳಿಚಿಕೊಂಡಿದೆ. ಸಾಬೂನು ಹಾಕಿ ತೊಳೆದರೆ ಸಾಬೂನಿಗೇ ವಾಸನೆ ಹಿಡಿಯುತ್ತದೆ. ಮುಖವಾಡ ಕೊಟ್ಟಿದ್ದಾರೆ. ಅದು ಮೇಸ್ತ್ರಿಯ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಆರೋಗ್ಯವಾಗಿದೆ.

ಮೇಲೆ ಹಗ್ಗ ಹಿಡಿಯುವವನನ್ನು ಎಲ್ಲರೂ ಹಗ್ಗದಣ್ಣ ಅನ್ನುತ್ತಾರೆ. ನನಗಿಂತ ಮೊದಲು ಇಳಿಯುತ್ತಿದ್ದವನು ಅವನ ಸ್ವಂತ ತಮ್ಮ. ಮಳೆ ಪೂರ್ತಿ ನಿಲ್ಲುವ ಮೊದಲೇ ತುಂಡು ಇಡಲು ಇಳಿಸಿದರು. ಹಗ್ಗ ಒಂದೇ ಮೇಲೆ ಬಂತು. ಹೆಣ ಮರುದಿನ ಕಾಲುವೆಯ ಬಾಯಲ್ಲಿ ಸಿಕ್ಕಿತು. ಅದಾದ ಮೇಲೆ ಯಾರಾದರೂ ಇಳಿದು ತುಂಡು ಎತ್ತಿಡಬೇಕಿತ್ತು. ಅದು ನನ್ನ ಮೊದಲ ದಿನದ ಕೆಲಸ. ಮೇಸ್ತ್ರಿ ಬಗ್ಗಿ ನೋಡಿದ, ಬರೆದ. ಒಬ್ಬ ಮನುಷ್ಯ ಗೋಡೆ ಮೀರಿ ಹೋದ ದಿನವೂ ಆ ಕಾಲಮಿನಲ್ಲಿ ಸೊನ್ನೆ.

ನಾನು ಕೈ ತೊಳೆದುಕೊಂಡು ಮನೆಗೆ ಹೋದೆ. ಕೆಲಸ ಹೊಸದು.

*

ಒಂದು ಸೋಮವಾರ ಕೆಳಬೀದಿಯ ಮೂವತ್ತೊಂದು ಬಾಗಿಲಿಗೂ ನೋಟಿಸು ಅಂಟಿಸಿದರು. ಅಕ್ಕ ಕೆಲಸಕ್ಕೆ ಹೊರಟವಳು ನಿಂತು ಓದಿದಳು. ಅವಳು ನಿಧಾನವಾಗಿ, ಬೆರಳಿಟ್ಟು ಓದುತ್ತಾಳೆ. ಆದರೆ ಒಂದು ಅಕ್ಷರವನ್ನೂ ಬಿಡುವುದಿಲ್ಲ.

"ಕೇಳೋ. ಕಾಲುವೇಲಿ ಮಲ ಮೂತ್ರ ವಿಪರೀತ ಇದೆಯಂತೆ. ಒಳಚರಂಡಿಯಿಂದ ಆರು ವರ್ಷದಲ್ಲಿ ಒಂದು ಸಲಾನೂ ಉಕ್ಕಿಲ್ಲವಂತೆ, ದಾಖಲೆ ಇದೆಯಂತೆ. ಅದಕ್ಕೆ ಈ ಹೊಲಸೆಲ್ಲ ದಂಡೆ ಮೇಲಿರೋ ನಮ್ದೇ ಅಂತೆ. ಜಲಮೂಲ ಉಳಿಸೋಕೆ ಮೂವತ್ತು ದಿನದಲ್ಲಿ ಮನೆ ಖಾಲಿ ಮಾಡ್ಬೇಕಂತೆ."

ನಾನು ಚಪ್ಪಲಿ ಹುಡುಕುತ್ತಿದ್ದೆ. ಕಾಲಲ್ಲೇ ಇತ್ತು.

"ಮೂವತ್ತೊಂದು ಮನೆ," ಅಂದಳು ಅಕ್ಕ. "ಇಡೀ ಕಾಲುವೆ ತುಂಬೋಷ್ಟು ಹೇಲ್ಬೇಕು ಅಂದ್ರೆ ನಾವು ದಿನಕ್ಕೆ ಎಷ್ಟು ಸಲ ಉಣ್ಬೇಕೋ? ಅಷ್ಟು ಊಟ ಯಾರು ಹಾಕ್ತಿದ್ದಾರೆ ಅಂತ ಒಂದು ಮಾತು ಹೇಳಿದ್ರೆ ನಾನೇ ಹೋಗಿ ಕಾಲಿಗೆ ಬೀಳ್ತೀನಿ."

ಬೀದಿಯವರೆಲ್ಲ ನಕ್ಕರು. ಅಕ್ಕ ನಗಲಿಲ್ಲ. ಪ್ರತಿ ಮಳೆಗೂ ಹಾಸಿಗೆಯನ್ನು ಇಟ್ಟಿಗೆಯ ಮೇಲೆ ಎತ್ತುವವಳು ಅವಳು. ತಗಡಿನ ಮೊರದಲ್ಲಿ ಅಡುಗೆಮನೆಯ ರಾಡಿಯನ್ನು ಬಾಚಿ ಹೊರಗೆ ಹಾಕುವವಳು ಅವಳು. ಗೋಡೆಗೆ ಸುಣ್ಣ ಹೊಡೆದಷ್ಟೂ ಮೊಣಕಾಲ ಮಟ್ಟದ ಕಂದು ಗೆರೆ ಮತ್ತೆ ಮೂಡುತ್ತದೆ. ಆ ಗೆರೆಯನ್ನೇ ನೋಡುತ್ತ ಕೇಳಿದಳು:

"ಈ ಸೊನ್ನೆ ಬರೆಯೋನು ಯಾರೋ?"

"ಮೇಸ್ತ್ರಿ."

"ಮೇಸ್ತ್ರಿ ಏನು ನೋಡಿ ಬರೀತಾನೆ?"

"ತುಂಡು ನೋಡಿ."

"ತುಂಡು ಬಿದ್ದಿರಲ್ವಾ?"

"ಬಿದ್ದಿರುತ್ತೆ."

"ಮತ್ತೆ?"

"ನಾನು ಎತ್ತಿಡ್ತೀನಿ."

ಅಕ್ಕ ನನ್ನನ್ನು ಹೊಡೆಯಲಿಲ್ಲ. ಅಮ್ಮ ಸತ್ತ ಮೇಲೆ ನನ್ನನ್ನು ಹೊಡೆದು ಬೆಳೆಸಿದವಳು. ಆ ಹೊತ್ತು ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಕೆಲಸಕ್ಕೆ ಹೋದಳು. ಅವಳ ಕೆಲಸ ನಮ್ಮ ಒಳಚರಂಡಿ ಇಲಾಖೆಯದೇ ಕೇಂದ್ರ ಕಚೇರಿಯಲ್ಲಿ, ಆರು ಮಹಡಿ, ಮಹಡಿಗೆ ನಾಲ್ಕು ಕಕ್ಕಸು. ಸಂಜೆ ಬಂದು ತಟ್ಟೆಯನ್ನು ನನ್ನ ಮುಂದೆ ಕುಕ್ಕಿದಳು.

"ಮುಂದಿನ ಗುರುವಾರ ಮೇಲಿನ ಕಚೇರಿಯಿಂದ ತಪಾಸಣೆ ಮೇಡಂ ಬರ್ತಾರಂತೆ. ಕೋಣೆ ನೋಡ್ತಾರೆ, ಕಾಲುವೆ ನೋಡ್ತಾರೆ. ಇಂಜಿನಿಯರ್ ಸಾಹೇಬ್ರು ಫೋನಲ್ಲಿ ಹೇಳ್ತಿದ್ರು, ನಾನು ಬೇಸಿನ್ ಉಜ್ಜುತ್ತಿದ್ದೆ. ನಾನಿದ್ದೀನಿ ಅಂತ ಯಾರೂ ಮಾತು ನಿಲ್ಲಿಸಲ್ಲ, ನೋಡು. ಅದೊಂದು ಅನುಕೂಲ."

"ಅವರಿಗೆ ಹೇಳಿಬಿಡೋಣ್ವಾ?"

"ನೀನು ಹೇಳೋದು. ಅವರು ರಿಜಿಸ್ಟರ್ ತೆಗೆಯೋದು. ನಿನ್ನ ಬಾಯಿ ದೊಡ್ಡದೋ ಮೊಹರು ದೊಡ್ಡದೋ?" ಸಾರಿನ ಸೌಟನ್ನು ಪಾತ್ರೆಯಲ್ಲಿ ಒಂದು ಸುತ್ತು ತಿರುಗಿಸಿದಳು. "ನೀವು ಸೋರಿಕೆ ಹುಡುಕೋಕೆ ಏನೋ ಪುಡಿ ಹಾಕ್ತೀರಲ್ಲ, ಅದೇನು?"

ನನಗೆ ಅನ್ನ ನೆತ್ತಿಗೇರಿತು.

*

ಆ ಪುಡಿ ಡಬ್ಬಿಯಲ್ಲಿ ಇಟ್ಟಿಗೆಯ ಬಣ್ಣ. ನೀರು ತಾಕಿದರೆ ಗಿಳಿ ಹಸಿರು. ಯಾವ ಮನೆಯ ಕೊಳವೆ ಎಲ್ಲಿಗೆ ಸೇರಿದೆ ಎಂದು ತಿಳಿಯಲು ಆ ಮನೆಯ ಕಕ್ಕಸಿಗೆ ಒಂದು ಚಮಚ ಹಾಕಿ, ಕೆಳಗಿನ ಮ್ಯಾನ್‌ಹೋಲಿನಲ್ಲಿ ಕಾಯುತ್ತೇವೆ. ಮೀನಿಗೂ ತೊಂದರೆಯಿಲ್ಲ, ಮನುಷ್ಯರಿಗೂ ಇಲ್ಲ. ಉಗ್ರಾಣದಲ್ಲಿ ಇಪ್ಪತ್ತು ಡಬ್ಬಿ ಇದ್ದವು. ಮೇಸ್ತ್ರಿ ಮಧ್ಯಾಹ್ನದ ಊಟಕ್ಕೆ ಹೋದಾಗ ಹತ್ತೊಂಬತ್ತು ನನ್ನ ಚೀಲಕ್ಕೆ ಬಂದವು ಎಂದು ಆಮೇಲೆ ಸುದ್ದಿಯಾಯಿತು. ಸುಳ್ಳು. ಎರಡೇ ಡಬ್ಬಿ.

ಯೋಜನೆ ಸುಲಭ. ಕೇಂದ್ರ ಕಚೇರಿಯ ಕಕ್ಕಸಿಗೆ ಬಣ್ಣ. ಮಳೆ ಬಂದರೆ ಅದೇ ಬಣ್ಣ ಕಾಲುವೆಯಲ್ಲಿ. ಯಾರದು ಯಾರದು ಅನ್ನುವ ಜಗಳಕ್ಕೆ ಅದೇ ಉತ್ತರ. ಬರಬೇಕಾದ್ದು ಮಳೆ ಒಂದೇ. ಯಾವ ದಿನ ಬರುತ್ತದೋ ಗೊತ್ತಿಲ್ಲ. ಅದಕ್ಕೆ ಮುಂದಿನ ಸೋಮವಾರದಿಂದಲೇ ದಿನಾ ಕಮೋಡಿನ ಅಂಚಿನ ಕೆಳಗೆ ಒಂದೊಂದು ಚಿಟಿಕೆ ಹಚ್ಚುವುದು ಎಂದಾಯಿತು.

ಮೊದಲ ದಿನ ಅಕ್ಕ ಇಪ್ಪತ್ನಾಲ್ಕು ಕಕ್ಕಸಿಗೂ ಹಚ್ಚಿದಳು. ಹಚ್ಚಿ, ಬಾಗಿಲಲ್ಲಿ ತಿರುಗಿ ನೋಡಿದಳು. ಬಿಳಿ ಕಮೋಡಿಗೆ ಕೆಂಪು ಕಲೆ. ಇಪ್ಪತ್ತು ವರ್ಷದ ಕೈ. ಹಿಂದೆ ಹೋಗಿ ಬ್ರಷ್ ಹಾಕಿ ಉಜ್ಜಿ ತೊಳೆದುಬಿಟ್ಟಳು. ಇಪ್ಪತ್ನಾಲ್ಕನ್ನೂ. ಆರನೆಯ ಮಹಡಿಯಲ್ಲಿ ಕೊನೆಯದನ್ನು ಉಜ್ಜಿ ಸೊಂಟ ನೆಟ್ಟಗೆ ಮಾಡಿದಾಗ ನೆನಪಾಯಿತಂತೆ. ಮನೆಗೆ ಬಂದು ತನ್ನನ್ನು ತಾನೇ ಬೈದುಕೊಂಡಳು.

"ಕೊಳೆ ಕಂಡ್ರೆ ಕೈ ಸುಮ್ನಿರಲ್ಲ, ಹಾಳಾದ್ದು. ಇಂಥ ಕೈ ಇಟ್ಕೊಂಡು ಯಾರಾದ್ರೂ ಬಂಡಾಯ ಮಾಡ್ತಾರಾ?"

ಮಂಗಳವಾರ ಹಚ್ಚಿ, ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಂದಳು. ಆಮೇಲೆ ಆದದ್ದು ನಾವು ಎಣಿಸಿರಲಿಲ್ಲ.

ಮೂತ್ರಕ್ಕೆ ಹೋದವರು ಬಗ್ಗಿ ನೋಡಿದರೆ ಗಿಳಿ ಹಸಿರು. ಆರು ಮಹಡಿ, ನೂರಾರು ಜನ, ಎಲ್ಲರೂ ನೋಡಿದರು. ಒಬ್ಬರೂ ಬಾಯಿ ಬಿಡಲಿಲ್ಲ. ಏನಂತ ಹೇಳುವುದು, ಯಾರಿಗೆ ಹೇಳುವುದು? ಪ್ರತಿಯೊಬ್ಬನಿಗೂ ಕಾಯಿಲೆ ತನಗೊಬ್ಬನಿಗೇ. ಮೂರನೆಯ ಮಹಡಿಯ ಗುಮಾಸ್ತ ಸಿಗರೇಟು ಬಿಟ್ಟ. ನಾಲ್ಕನೆಯ ಮಹಡಿಯಲ್ಲಿ ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ರಾಜಿಯಾದರು. ಆರನೆಯ ಮಹಡಿಯ ಸಾಹೇಬರು, ನಮ್ಮ ಇಂಜಿನಿಯರ್, ಗಂಟೆಗೊಂದು ಬಾಟಲಿ ನೀರು ಕುಡಿಯತೊಡಗಿದರು. ಕುಡಿದಷ್ಟೂ ಹೋಗಬೇಕು, ಹೋದಷ್ಟೂ ಹಸಿರು. ಬುಧವಾರ ಸಂಜೆ ಅಕ್ಕನನ್ನು ಕರೆದು, ಇಷ್ಟು ವರ್ಷದಲ್ಲಿ ಮೊದಲ ಸಲ ಮುಖ ನೋಡಿ ಮಾತಾಡಿಸಿದರಂತೆ.

"ನಿನ್ನ ಮಕ್ಕಳು ಚೆನ್ನಾಗಿದ್ದಾರೇನಮ್ಮ?"

"ಮಕ್ಕಳಿಲ್ಲ ಸಾರ್. ತಮ್ಮ ಇದ್ದಾನೆ."

"ಇರಲಿ. ಆರೋಗ್ಯ ದೊಡ್ಡದು. ಆರೋಗ್ಯಕ್ಕಿಂತ ಯಾವುದೂ ದೊಡ್ಡದಲ್ಲ."

ಮನೆಗೆ ಬಂದು ಇದನ್ನು ಹೇಳುವಾಗ ಅಕ್ಕ ನಗು ತಡೆಯಲಾರದೆ ನೆಲದ ಮೇಲೆ ಕೂತುಬಿಟ್ಟಳು. "ಪಾಪ ಕಣೋ," ಅಂದಳು. ಸೆರಗು ಕೊಡವಿ ಎದ್ದು, "ಏನು ಪಾಪ, ಮಣ್ಣಾಂಗಟ್ಟಿ," ಅಂದಳು.

*

ಗುರುವಾರ ಬೆಳಿಗ್ಗೆ ಎಂಟಕ್ಕೆ ಮಳೆ ಬಂತು. ಬಕೆಟ್ಟಿನಲ್ಲಿ ಎತ್ತಿ ಸುರಿದ ಹಾಗೆ. ಅಕ್ಕ ಕಚೇರಿಯಲ್ಲಿದ್ದಳು. ಚಿಟಿಕೆಯ ಲೆಕ್ಕ ಬಿಟ್ಟು ಉಳಿದ ಪುಡಿಯನ್ನೆಲ್ಲ ಆರು ಮಹಡಿಗೂ ಹಂಚಿ ಸುರಿದಳು. ಸುರಿದು, ತಿರುಗಿ ನೋಡದೆ ಬಂದಳು.

ಹತ್ತೂವರೆಗೆ ಮೇಸ್ತ್ರಿ ನನ್ನನ್ನೂ ಹಗ್ಗದಣ್ಣನನ್ನೂ ಬ್ಯಾಂಕಿನ ಮುಂದಕ್ಕೆ ಕರೆಸಿದ. ಮಳೆ ಸಣ್ಣಗಾಗಿತ್ತು, ನಿಂತಿರಲಿಲ್ಲ. ಮ್ಯಾನ್‌ಹೋಲಿನ ಮುಚ್ಚಳ ತೆಗೆದರೆ ಒಳಗೆ ಕೊಳವೆ ಗುಡುಗುತ್ತಿತ್ತು. ಸಾಹೇಬರು ಕೊಡೆ ಹಿಡಿದು, ಬೂಟಿನ ತುದಿಯಲ್ಲಿ ನಿಂತಿದ್ದರು. ಮುಖ ಇಳಿದುಹೋಗಿತ್ತು.

"ಮೇಡಂ ಹನ್ನೊಂದಕ್ಕೆ ಬರ್ತಾರೆ. ಬೇಗ ಇಳಿ. ತುಂಡು ಇಟ್ಟು ಬಾ."

ನಾನು ಬಗ್ಗಿ ನೋಡಿದೆ. ಹದಿನಾಲ್ಕನೆಯ ಮೆಟ್ಟಿಲು ಮುಳುಗಿತ್ತು. ಗೋಡೆಯೇ ಕಾಣುತ್ತಿರಲಿಲ್ಲ.

"ನೀರಿದೆ ಸಾರ್."

"ಒಳಚರಂಡೀಲಿ ನೀರಿರದೆ ಹಾಲಿರುತ್ತೇನೋ?"

ಮೇಸ್ತ್ರಿ ನಕ್ಕ. ಮೇಸ್ತ್ರಿಯ ನಗು ಸಾಹೇಬರ ಮಾತಿಗೆ ಕಟ್ಟಿದ ದಾರ. ಹಗ್ಗದಣ್ಣ ನಗಲಿಲ್ಲ. ಹಗ್ಗದ ಸುರುಳಿಯನ್ನು ಹೆಗಲಿನಿಂದ ಇಳಿಸಿ ಕೆಸರಿನ ಮೇಲೆ ಇಟ್ಟ. ಆರು ವರ್ಷದಲ್ಲಿ ಅವನು ಹಗ್ಗವನ್ನು ನೆಲಕ್ಕೆ ಇಟ್ಟದ್ದನ್ನು ನಾನು ನೋಡಿರಲಿಲ್ಲ.

"ಎತ್ಕೊಳ್ಳೋ," ಅಂದ ಮೇಸ್ತ್ರಿ.

"ಇವತ್ತು ಕೈ ನೋವು," ಅಂದ ಹಗ್ಗದಣ್ಣ.

"ಯಾವ ಕೈ?"

"ಎರಡೂ."

ನಾನು ಮ್ಯಾನ್‌ಹೋಲಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತೆ.  ಎರಡೂ ಕೈ ಕಟ್ಟಿದೆ.

"ಇಳಿಯಲ್ಲ ಸಾರ್."

"ಏನಂದೆ?"

"ಇಳಿಯಲ್ಲ. ನೀವು ಇಳೀರಿ. ಹನ್ನೊಂದನೇ ಮೆಟ್ಟಿಲು ಇಲ್ಲ, ಅಲ್ಲಿ ಹೊಟ್ಟೆ ಒಳಗೆಳ್ಕೊಳ್ಳಿ. ನೀವು ಇಳಿಯೋದಾದ್ರೆ ಅಣ್ಣನ ಕೈ ನೋವು ಕಮ್ಮಿಯಾಗುತ್ತೆ. ಅಲ್ವಾ ಅಣ್ಣ?"

"ಈಗ್ಲೇ ಕಮ್ಮಿ ಆಯ್ತು," ಅಂದ ಹಗ್ಗದಣ್ಣ. "ಗಟ್ಟಿಯಾಗಿ ಹಿಡೀತೀನಿ ಸಾರ್. ನನ್ನ ತಮ್ಮನ್ನ ಹಿಡಿದ ಹಾಗೇ."

ಸಾಹೇಬರು ಬೈಯಲು ಶುರು ಮಾಡಿದರು. ನನ್ನ ಹುಟ್ಟು, ನನ್ನ ಬೀದಿ, ನನ್ನ ವಾಸನೆ, ಒಂದೊಂದಾಗಿ. ಎಲ್ಲ ಕೇಳಿದ್ದೇ. ಹೊಸದೇನಾದರೂ ಬರಲಿ ಎಂದು ಕಾದೆ, ಬರಲಿಲ್ಲ. ಅಷ್ಟರಲ್ಲಿ ತಪಾಸಣೆ ಮೇಡಂ ಬಂದರು. ಸಣ್ಣ ಹೆಂಗಸು, ದೊಡ್ಡ ಮಳೆಯಂಗಿ, ಕೈಯಲ್ಲಿ ಸ್ವಂತ ಬ್ಯಾಟರಿ. ಬಗ್ಗಿ ಒಳಗೆ ಬೆಳಕು ಬಿಟ್ಟರು. ನೀರು ಅಷ್ಟರಲ್ಲಿ ಒಂದು ಮೊಳ ಇಳಿದಿತ್ತು. ಗೋಡೆಯ ನೆತ್ತಿ ಕಂಡಿತು. ಅದರಾಚೆ ತುಂಡು ದಾರದಲ್ಲಿ ನೇತಾಡುತ್ತಿತ್ತು.

"ಬಿದ್ದಿದೆಯಲ್ಲ," ಅಂದರು.

"ಇವನೇ ಬೀಳಿಸಿದ್ದು ಮೇಡಂ, ನಿನ್ನೆ ಇಳಿದಾಗ. ಬೇಜವಾಬ್ದಾರಿ," ಅಂದರು ಸಾಹೇಬರು. "ನೀರು ದಾಟಲ್ಲ. ನಮ್ಮಲ್ಲಿ ಆರು ವರ್ಷದಿಂದ ಸೊನ್ನೆ. ಬನ್ನಿ, ಕಾಲುವೆ ತೋರಿಸ್ತೀನಿ. ದಂಡೆಯವರು ಏನು ಗಲೀಜು ಮಾಡಿಟ್ಟಿದ್ದಾರೆ ನೀವೇ ನೋಡಿ."

ಎಲ್ಲರೂ ಕಾಲುವೆಗೆ ನಡೆದೆವು. ಕೆಳಬೀದಿಯವರು ಮೊದಲೇ ಬಂದು ದಂಡೆಯಲ್ಲಿ ನಿಂತಿದ್ದರು.  ಕಾಲುವೆಯ ಬಾಯಿಂದ ನೀರು ಧುಮುಕುತ್ತಿತ್ತು. ಗಿಳಿ ಹಸಿರು. ಕಣ್ಣು ಚುಚ್ಚುವ ಹಸಿರು. ಅದರ ನಡುವೆ ಕಂದು ಉಂಡೆಗಳು ಮೆರವಣಿಗೆ ಹೊರಟಂತೆ ತೇಲುತ್ತಿದ್ದವು.

ನಾನು ಸಾಹೇಬರ ಮುಖ ನೋಡುತ್ತಿದ್ದೆ. ಮೊದಲು ಹುಬ್ಬು ಗಂಟಾಯಿತು. ಆಮೇಲೆ ಬಾಯಿ ತೆರೆಯಿತು. ಆಮೇಲೆ, ನಾನು ಸತ್ಯವಾಗಿ ಹೇಳುತ್ತಿದ್ದೇನೆ, ಇಡೀ ಮುಖ ಅರಳಿತು. ಆಸ್ಪತ್ರೆಯಿಂದ ಬಿಡುಗಡೆಯಾದ ಮನುಷ್ಯನ ಮುಖ.

"ಇದೇ ಬಣ್ಣ!" ಅಂದರು. "ಅಯ್ಯೋ, ಇದೇ ಬಣ್ಣ! ಹಾಗಾದ್ರೆ ನನಗೇನೂ ಆಗಿಲ್ಲ!"

ಮೇಡಂ ತಿರುಗಿದರು. "ಎಲ್ಲಿ ನೋಡಿದ್ರಿ ಈ ಬಣ್ಣ?"

"ಮೂರು ದಿನದಿಂದ ನನ್ನ..." ಅಂದವರು ಅಲ್ಲಿಗೆ ನಿಂತರು. ರಿಜಿಸ್ಟರ್ ಹೊತ್ತು ಸಾಹೇಬರ ಹಿಂದೆ ಬಂದಿದ್ದ ಮೂರನೆಯ ಮಹಡಿಯ ಗುಮಾಸ್ತನಿಗೂ ಅದೇ ಕ್ಷಣ ಅರ್ಥವಾಗಿರಬೇಕು. "ನಿಮಗೂನಾ ಸಾರ್?" ಅಂದುಬಿಟ್ಟ. ಜೇಬಿನಿಂದ ಸಿಗರೇಟು ತೆಗೆದು ಹಚ್ಚಿದ.

ಕೆಳಬೀದಿ ನಕ್ಕಿತು. ಅಂಥ ನಗುವನ್ನು ನಾನು ಆ ದಂಡೆಯಲ್ಲಿ ಕೇಳಿರಲಿಲ್ಲ.

"ಸೋರಿಕೆ ಹುಡುಕೋ ಪುಡಿ ಮೇಡಂ," ಅಂದೆ. "ಕೇಂದ್ರ ಕಚೇರಿಯ ಆರು ಮಹಡಿ ಕಕ್ಕಸಿಗೆ ಹಾಕಿದ್ದು. ಹಾಕಿದ್ದು ನಾನು. ಸಾಹೇಬರು ತಮ್ಮದನ್ನ ಗುರುತು ಹಿಡಿದ್ರು."

ಮೇಡಂ ನಗಲಿಲ್ಲ. ತುಟಿಯ ಒಂದು ಮೂಲೆ ಸ್ವಲ್ಪ ಅಲುಗಿತು, ಅಷ್ಟೇ. "ನಾನು ಕಂಡಿದ್ದು ಸಾಲದು," ಅಂದರು. "ಅವರ ರಿಜಿಸ್ಟರಿನಲ್ಲಿ ಸೊನ್ನೆ ಇದೆ. ನಗು ದಾಖಲೆ ಆಗಲ್ಲ. ಸೋಮವಾರ ವಿಚಾರಣೆ. ನೀರು ಗೋಡೆ ದಾಟಿತು ಅಂತ ಅವರದೇ ಕಾಗದ ಇದ್ರೆ ತನ್ನಿ."

ಅವರದೇ ಕಾಗದ. ಅವರು ಯಾಕೆ ಬರೆದುಕೊಡುತ್ತಾರೆ? ಮನೆಗೆ ಬರುವಾಗ ನಗು ಇಳಿದುಹೋಗಿತ್ತು. ಅಕ್ಕನ ಸಿಟ್ಟೇ ಬೇರೆ.

"ಇಪ್ಪತ್ನಾಲ್ಕು ಕಕ್ಕಸಿಗೆ ಮೂರು ದಿನ ಹಚ್ಚಿದ್ದು ನಾನು. ಹೆಸರು ಹೊಡ್ಕೊಂಡೋನು ನೀನು."

"ನಿನ್ನ ಕೆಲಸ ಉಳೀಲಿ ಅಂತ ಅಕ್ಕ."

"ಗಂಡಸರು ಹೀಗೇ ಹೇಳೋದು."

*

ಶುಕ್ರವಾರ ಕಾಗದ ಬಂತು. ನನ್ನ ಹೆಸರಿಗೆ, ಮೊಹರಿನ ಸಮೇತ. ಅಕ್ಕ ಬೆರಳಿಟ್ಟು ಓದಿದಳು.

"'ಗುರುವಾರ ಬೆಳಿಗ್ಗೆ ಕೇಂದ್ರ ಕಚೇರಿಯ ಶೌಚಾಲಯಗಳಲ್ಲಿ ಅನಧಿಕೃತವಾಗಿ ಬಣ್ಣದ ಪುಡಿ ಸುರಿದು, ಸದರಿ ಬಣ್ಣವು ತಡೆಗೋಡೆ ಮೀರಿ ಕಾಲುವೆ ಸೇರುವಂತೆ ಮಾಡಿ, ಸಾರ್ವಜನಿಕ ಜಲಮೂಲವನ್ನು ಮಲಿನಗೊಳಿಸಿರುವ ನಿನ್ನನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂಬುದಕ್ಕೆ ಏಳು ದಿನದೊಳಗೆ ಉತ್ತರಿಸತಕ್ಕದ್ದು.'"

ಅಂದರೆ ಆರು ವರ್ಷದಲ್ಲಿ ಆ ಕಾಲುವೆಯನ್ನು ಮಲಿನಗೊಳಿಸಿದ ಮೊದಲ ಅಪರಾಧಿ ನಾನು. ಹೇಲಿನಿಂದಲ್ಲ, ಬಣ್ಣದಿಂದ.

ಅಕ್ಕನ ಬೆರಳು ಒಂದು ಕಡೆ ನಿಂತಿತ್ತು. "ತಡೆಗೋಡೆ ಮೀರಿ," ಅಂದಳು. ಮತ್ತೆ ಓದಿದಳು. "ತಡೆಗೋಡೆ ಮೀರಿ. ಲೋ, ನಿನ್ನ ಕುತ್ತಿಗೆ ಹಿಡಿಯೋ ಆತುರದಲ್ಲಿ ಅವರೇ ಬರೆದುಬಿಟ್ಟಿದ್ದಾರಲ್ಲೋ. ಸಹಿ ಬೇರೆ ಹಾಕಿದ್ದಾರೆ."

ಸಾಹೇಬರಿಗೂ ಅದು ಶನಿವಾರದೊಳಗೆ ಹೊಳೆದಿರಬೇಕು. ಆರನೆಯ ಮಹಡಿಗೆ ಕರೆಸಿದರು. ಲಿಫ್ಟಿನಲ್ಲಿ ಬರಲು ಹೇಳಿದರು. ಕುರ್ಚಿ ತೋರಿಸಿದರು. ನಾನು ಕೂತೆ. ಕುರ್ಚಿ ಮೆತ್ತಗಿತ್ತು, ಎಲ್ಲಿಯವರೆಗೆ ಒಳಗೆ ಹೋಗುತ್ತೇನೋ ತಿಳಿಯದೆ ಕೈಹಿಡಿ ಹಿಡಿದುಕೊಂಡೆ.

"ನೋಡಪ್ಪ," ಅಂದರು. ಅಪ್ಪ ಅಂದದ್ದೂ ಮೊದಲ ಸಲ. "ಸಿಟ್ಟಲ್ಲಿ ಬರೆದ ಕಾಗದ. ವಾಪಸ್ ಕೊಡು. ಇದಕ್ಕೆ ಸಹಿ ಹಾಕು. ಬಣ್ಣ ನೀನು ಕೆಳಬೀದೀಲಿ ನಿಂತು ನೇರ ಕಾಲುವೆಗೆ ಸುರಿದೆ ಅಂತ ಇದೆ, ಅಷ್ಟೇ. ಹುಡುಗಾಟ ಅಂತ ಬಿಟ್ಟುಬಿಡ್ತೀವಿ. ಕೆಲಸ ಉಳಿಯುತ್ತೆ. ಮೇಲೆ ಕೆಲಸ ಕೊಡ್ತೀನಿ, ಇಳಿಯೋದು ಬೇಡ."

"ಕೆಳಬೀದಿ?"

"ಅದು ಬೇರೆ ವಿಷಯ."

ಇಳಿಯುವುದು ಬೇಡ. ಆ ಮಾತು ನನ್ನ ಹೊಟ್ಟೆಯೊಳಗೆ ಹೋಗಿ ಕೂತಿತು. ಸುಳ್ಳು ಯಾಕೆ ಹೇಳಲಿ, ಬೇಕು ಅನ್ನಿಸಿತು. ಪೆನ್ನು ಕೈಯಲ್ಲಿತ್ತು. ಉಗುರಿನ ಬಿಳಿಚಿದ ಸಂದು ಪೆನ್ನಿನ ಪಕ್ಕದಲ್ಲೇ ಕಂಡಿತು. ಆರು ವರ್ಷ ಗೋಡೆಯ ಮೇಲೆ ತುಂಡು ಇಟ್ಟ ಕೈ. ಇದು ಇನ್ನೊಂದು ತುಂಡು. ಇಟ್ಟರೆ ಆಯಿತು.

"ನಾನು ಸುರಿದಿದ್ದು ಕಾಲುವೆಗಲ್ಲ ಸಾರ್," ಅಂದೆ. "ನಿಮ್ಮ ಕಕ್ಕಸಿಗೆ."

"ಬೀದಿಗೆ ಬೀಳ್ತೀಯ."

"ಅದಕ್ಕೆ ಬೀದಿ ಉಳೀಬೇಕಲ್ಲ ಸಾರ್."

ಪೆನ್ನು ಮೇಜಿನ ಮೇಲಿಟ್ಟು ಎದ್ದೆ. ಏಳಲು ಎರಡು ಸಲ ಪ್ರಯತ್ನಿಸಬೇಕಾಯಿತು, ಕುರ್ಚಿ ಅಷ್ಟು ಮೆತ್ತಗಿತ್ತು.

ಭಾನುವಾರ ಹಗ್ಗದಣ್ಣ ಆ ಕಾಗದದ ಮೂವತ್ತೆರಡು ನಕಲು ತೆಗೆಸಿ ತಂದ. ಮೂವತ್ತೊಂದು ಬಾಗಿಲಿಗೆ ಅಂಟಿಸಿದೆವು, ಖಾಲಿ ಮಾಡಿ ಅನ್ನುವ ನೋಟಿಸಿನ ಮೇಲೇ. ಮೂವತ್ತೆರಡನೆಯದನ್ನು ಅವನು ಮಡಚಿ ಜೇಬಿಗೆ ಹಾಕಿಕೊಂಡ. "ಇದು ತಮ್ಮನಿಗೆ," ಅಂದ. ಸೋಮವಾರ ವಿಚಾರಣೆಯಲ್ಲಿ ಅಸಲು ಕಾಗದವನ್ನು ಮೇಡಂ ಮುಂದೆ ಇಟ್ಟೆವು. ಅವರು ಓದಿದರು, ಸಾಹೇಬರ ಕಡೆ ತಿರುಗಿಸಿ, "ಸಹಿ ನಿಮ್ಮದೇ ತಾನೆ?" ಅಂದರು. ಸಾಹೇಬರು ನೀರು ಕುಡಿದರು. ಮೇಡಂ ಕೆಳಬೀದಿಯ ನೋಟಿಸನ್ನು ತಡೆಹಿಡಿದರು. ರದ್ದು ಮಾಡಲಿಲ್ಲ, ತಡೆಹಿಡಿದರು. ಎಷ್ಟು ದಿನವೋ ಗೊತ್ತಿಲ್ಲ. ಆರು ವರ್ಷದ ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಏಳನೆಯ ದಿನ ನನ್ನ ಉತ್ತರ ಬರೆಯಲು ಕೂತೆವು. ಅಕ್ಕ ಹೇಳಿದಳು, ನಾನು ಬರೆದೆ. ಮೊದಲು ಉದ್ದವಾಗಿತ್ತು. ಮಾನ್ಯರೇ, ದಯಮಾಡಿ, ಬಡವನು, ಎಲ್ಲ ಇತ್ತು. ಅಕ್ಕ ಒಂದೊಂದಾಗಿ ಹೊಡೆದು ಹಾಕಿಸಿದಳು. ಕೊನೆಗೆ ಎರಡು ಸಾಲು ಉಳಿಯಿತು. ಸಹಿ ಮಾಡಿ, ನಾನೇ ಹೋಗಿ ಕೊಟ್ಟು ಬಂದೆ.

"ಬಣ್ಣ ನನ್ನದು.

ಉಳಿದದ್ದು ನಿಮ್ಮದು."